ಸ್ಟೀರಿಂಗ್ ಯಾಕೆ ಬಿಗಿ?

“ಅಣ್ಣಾ, ಸ್ಟೇರಿಂಗ್ ಟೈಟಾಗಿದೆ, ಸ್ವಲ್ಪ ನೋಡಿ.”

ಹತ್ತು ಹದಿನೈದು ವರ್ಷ ಓಡಿದ ಸ್ಪೋರ್ಟ್ಸ್ ಕಾರನ್ನು ಸೆಕೆಂಡ್‌ಹ್ಯಾಂಡ್‌ನಲ್ಲಿ ಕೊಂಡವರು ಗ್ಯಾರೇಜಿಗೆ ಬಂದು ಹೇಳುವುದು ಸಾಮಾನ್ಯವಾಗಿ ಇಷ್ಟೇ. ಅವಸರದ ಮೆಕ್ಯಾನಿಕ್ ಬಾನೆಟ್ ಎತ್ತಿ ಒಮ್ಮೆ ಇಣುಕಿ, “ಪಂಪ್ ಹೋಗಿದೆ ಸಾರ್” ಎಂದು ತೀರ್ಪು ಕೊಟ್ಟುಬಿಡುತ್ತಾನೆ. ಕಸುಬು ಬಲ್ಲವನು ಬಾನೆಟ್ಟಿಗೆ ಕೈ ಹಾಕುವ ಮೊದಲು ಬಾಯಿ ಬಿಡುತ್ತಾನೆ. “ಯಾವಾಗ ಟೈಟು ಸಾರ್? ಬೆಳಿಗ್ಗೆ ಗಾಡಿ ತೆಗೆಯುವಾಗಲಾ, ಸಿಲ್ಕ್ ಬೋರ್ಡ್‌ನ ಜಾಮ್‌ನಲ್ಲಿ ನಿಂತು ನಿಂತು ಬಂದ ಮೇಲಾ? ಎರಡೂ ಕಡೆಗಾ, ಒಂದೇ ಕಡೆಗಾ? ಆಕ್ಸಿಲರೇಟರ್ ಒತ್ತಿದರೆ ಸಡಿಲ ಆಗುತ್ತಾ?” ಈ ನಾಲ್ಕು ಪ್ರಶ್ನೆಗಳಿಗೆ ಖರ್ಚು ಒಂದು ರೂಪಾಯಿಯೂ ಇಲ್ಲ. ಕೇಳದೆ ಹೋದರೆ ಮಾತ್ರ ಆಗುವ ಖರ್ಚು ಲಕ್ಷದ ಲೆಕ್ಕಕ್ಕೆ ಹೋಗಬಹುದು.

ಬೆಂಗಳೂರಿನ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿ ಹೊದಿಕೆ ಹೊದ್ದು ನಿಂತ ಆಡಿ ಟಿಟಿ, ಬಿಎಂಡಬ್ಲ್ಯೂ ಝಡ್4, ಪೋರ್ಶೆ ಬಾಕ್ಸ್‌ಸ್ಟರ್‌ಗಳು ಈಗ ಅಪರೂಪವೇನಲ್ಲ. ಹೊಸದಿದ್ದಾಗ ಕೈಗೆಟುಕದಿದ್ದ ಇಂಥ ಕಾರುಗಳು ಹಳತಾದ ಮೇಲೆ ಹೊಸ ಸಂಸಾರಿ ಕಾರಿನ ಬೆಲೆಗೆ ಇಳಿದುಬರುತ್ತವೆ. ಬೆಲೆ ಇಳಿಯುವುದು ಕಾರಿಗೆ ಮಾತ್ರ, ಅದರ ಬಿಡಿಭಾಗಗಳಿಗಲ್ಲ. ಮುಂದಿನ ಚಕ್ರಗಳನ್ನು ಹೊರಳಿಸುವ ಪೂರ್ತಿ ಸ್ಟೀರಿಂಗ್ ರ‍್ಯಾಕನ್ನು ವಿದೇಶದಿಂದ ತರಿಸಲು ಹೊರಟಾಗ ಈ ಸತ್ಯ ಮಾಲೀಕನಿಗೆ ಅರಿವಾಗುತ್ತದೆ. ಆದ್ದರಿಂದ ಇಲ್ಲಿ ರೋಗಪತ್ತೆಯೇ ದೊಡ್ಡ ಕೆಲಸ, ರಿಪೇರಿ ಆಮೇಲಿನದು.

ಎಲ್ಲಕ್ಕಿಂತ ಮೊದಲು ಪವರ್ ಸ್ಟೀರಿಂಗಿಗೆ ಸಂಬಂಧವೇ ಇಲ್ಲದ ಕಾರಣಗಳನ್ನು ಪಟ್ಟಿಯಿಂದ ತೆಗೆಯಬೇಕು. ಮುಂದಿನ ಟೈರುಗಳಲ್ಲಿ ಗಾಳಿ ಕಡಿಮೆಯಿದ್ದರೆ ಸ್ಟೀರಿಂಗ್ ಭಾರವಾಗುತ್ತದೆ. ಹಿಂದಿನ ಮಾಲೀಕ ಅಂದಕ್ಕೆಂದು ಅಗಲ ಟೈರು ಹಾಕಿಸಿದ್ದರೂ ಭಾರವಾಗುತ್ತದೆ. ನಿಂತ ಕಾರಿನ ಚಕ್ರ ತಿರುಗಿಸುವಾಗ ಟೈರು ಉರುಳುವುದಿಲ್ಲ, ನೆಲಕ್ಕೆ ಉಜ್ಜುತ್ತದೆ. ಸ್ಟೀರಿಂಗಿನ ಮೇಲೆ ಅತಿ ಹೆಚ್ಚು ಹೊರೆ ಬೀಳುವುದು ಗಂಟೆಗೆ ನೂರು ಕಿ.ಮೀ. ವೇಗದಲ್ಲಲ್ಲ, ಪಾರ್ಕಿಂಗ್ ಜಾಗದಲ್ಲಿ. ಸ್ಪೋರ್ಟ್ಸ್ ಕಾರಿನಲ್ಲಿ ಟೈರು ಮೊದಲೇ ಅಗಲ. ಜೊತೆಗೆ ಸ್ಟೀರಿಂಗ್ ಚೂರು ತಿರುಗಿಸಿದರೂ ಚಕ್ರ ಚುರುಕಾಗಿ ಹೊರಳಲಿ ಎಂದು ಹಲ್ಲುಗಳ ಅನುಪಾತವನ್ನು ಕಡಿಮೆ ಇಟ್ಟಿರುತ್ತಾರೆ. ಆ ಚುರುಕುತನದ ಬೆಲೆಯನ್ನು ತೋಳು ತೆರಬೇಕು, ಇಲ್ಲವೇ ಪಂಪು ತೆರಬೇಕು.

ಇನ್ನೊಂದು ಗುಟ್ಟಿನ ಜಾಗ ಸ್ಟೀರಿಂಗ್ ಶಾಫ್ಟಿನ ಜಾಯಿಂಟು. ಕೆಳಗೆ ಎಂಜಿನ್ ಪಕ್ಕದಲ್ಲಿ ಹಾದುಹೋಗುವ ಈ ಕೀಲಿಗೆ ಮಳೆನೀರು ಸಿಡಿದು ತುಕ್ಕು ಹಿಡಿದರೆ, ಸ್ಟೀರಿಂಗ್ ಒಂದು ಸುತ್ತು ಬರುವಷ್ಟರಲ್ಲಿ ಎರಡು ಕಡೆ ಬಿಗಿ, ಎರಡು ಕಡೆ ಸಡಿಲ ಎನಿಸುತ್ತದೆ. ಪ್ರತಿ ಅರ್ಧ ಸುತ್ತಿಗೂ ಬಿಗಿತ ಮರುಕಳಿಸಿದರೆ ತಪ್ಪು ಪಂಪಿನದಲ್ಲ. ಎಣ್ಣೆಗೆ ಸುತ್ತಿನ ಲೆಕ್ಕ ಗೊತ್ತಿರುವುದಿಲ್ಲ, ಕೀಲಿಗೆ ಗೊತ್ತಿರುತ್ತದೆ.

ಇಷ್ಟಾದ ಮೇಲೂ ಬಿಗಿ ಉಳಿದರೆ ಪವರ್ ಸ್ಟೀರಿಂಗಿನ ಒಳಗೆ ಹೊಗಬೇಕು. ಅದರ ಮೂಲಪುರುಷ ಅಮೆರಿಕದ ಫ್ರಾನ್ಸಿಸ್ ಡೇವಿಸ್. ಪಿಯರ್ಸ್-ಆ್ಯರೋ ಕಂಪನಿಯ ಲಾರಿ ವಿಭಾಗದಲ್ಲಿ ಎಂಜಿನಿಯರ್ ಆಗಿದ್ದ ಆತ ಕೆಲಸ ಬಿಟ್ಟು, ಮ್ಯಾಸಚೂಸೆಟ್ಸ್‌ನ ವಾಲ್ಥಮ್‌ನಲ್ಲಿ ಸ್ವಂತ ಶೆಡ್ಡು ಹಾಕಿಕೊಂಡು 1926ರ ಹೊತ್ತಿಗೆ ಎಣ್ಣೆಯ ಒತ್ತಡದಿಂದ ತಿರುಗುವ ಸ್ಟೀರಿಂಗನ್ನು ಕಾರಿನಲ್ಲಿ ಓಡಿಸಿ ತೋರಿಸಿದ. ಅದಕ್ಕೂ ಮೊದಲು ಯೋಚಿಸಿದವರೆಲ್ಲ ಎಣ್ಣೆಯನ್ನು ಸದಾ ಭಾರೀ ಒತ್ತಡದಲ್ಲಿ ಕೂಡಿಟ್ಟು, ಬೇಕಾದಾಗ ಬಿಡುವ ದಾರಿ ಹಿಡಿದಿದ್ದರು. ಡೇವಿಸ್ ಅದನ್ನು ತಿರುವುಮುರುವು ಮಾಡಿದ. ಎಣ್ಣೆ ಸುಮ್ಮನೆ ಸುತ್ತುತ್ತಲೇ ಇರಲಿ, ಚಾಲಕ ಚಕ್ರ ತಿರುಗಿಸಿದಾಗ ಮಾತ್ರ ದಾರಿ ಕಟ್ಟಿ ಒತ್ತಡ ಏರಿಸಿದರಾಯಿತು ಎಂದ. ಜನರಲ್ ಮೋಟಾರ್ಸ್ ಮೊದಲು ಆಸಕ್ತಿ ತೋರಿ, 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೈಬಿಟ್ಟಿತು. ಎರಡನೇ ಮಹಾಯುದ್ಧದ ಭಾರೀ ಸೇನಾ ವಾಹನಗಳು ಅದನ್ನು ಬಳಕೆಗೆ ತಂದವು. ಕೊನೆಗೆ 1951ರಲ್ಲಿ ಕ್ರೈಸ್ಲರ್ ಇಂಪೀರಿಯಲ್ ಮೂಲಕ ಪವರ್ ಸ್ಟೀರಿಂಗ್ ಕಾರುಗಳ ಮಾರುಕಟ್ಟೆಗೆ ಬಂತು. ಹೈಡ್ರಾಲಿಕ್ ಸ್ಟೀರಿಂಗ್ ಇರುವ ಯಾವ ಕಾರನ್ನು ಬಿಚ್ಚಿದರೂ ಡೇವಿಸ್‌ನ ಆ ಯೋಚನೆಯೇ ಕಾಣುತ್ತದೆ.

ಸ್ಟೀರಿಂಗ್ ಶಾಫ್ಟಿನ ಕೆಳತುದಿಯಲ್ಲಿ ಪೆನ್ಸಿಲ್ ಗಾತ್ರದ ಒಂದು ಉಕ್ಕಿನ ಸರಳಿದೆ. ಇದಕ್ಕೆ ಟಾರ್ಷನ್ ಬಾರ್ ಎಂದು ಹೆಸರು. ಚಾಲಕ ಚಕ್ರ ತಿರುಗಿಸಿದಾಗ ಒದ್ದೆ ಪಂಚೆ ಹಿಂಡಿದಂತೆ ಈ ಸರಳು ಕೆಲವೇ ಡಿಗ್ರಿ ತಿರುಚಿಕೊಳ್ಳುತ್ತದೆ. ಅಷ್ಟು ತಿರುಚು ಸಾಕು, ಅದರ ಸುತ್ತಲಿನ ವಾಲ್ವಿನ ಕಂಡಿಗಳು ಒಂದು ಕಡೆ ತೆರೆದು ಇನ್ನೊಂದು ಕಡೆ ಮುಚ್ಚುತ್ತವೆ. ಎಣ್ಣೆ ರ‍್ಯಾಕಿನ ಒಂದು ಮಗ್ಗುಲಿಗೆ ನುಗ್ಗಿ ಪಿಸ್ಟನ್ನನ್ನು ದೂಡುತ್ತದೆ. ಒತ್ತಡ 100 ಬಾರ್ ಇದ್ದು, ಪಿಸ್ಟನ್ನಿನ ವಿಸ್ತೀರ್ಣ 8 ಚದರ ಸೆಂಟಿಮೀಟರ್ ಎಂದುಕೊಳ್ಳಿ. ಒಂದು ಬಾರ್ ಎಂದರೆ ಹೆಚ್ಚುಕಡಿಮೆ ಪ್ರತಿ ಚದರ ಸೆಂಟಿಮೀಟರಿಗೆ ಒಂದು ಕಿಲೋ ಭಾರ, ಒಟ್ಟು 800 ಕಿಲೋ ಆಯಿತು. ಎರಡು ಬೆರಳಲ್ಲಿ ಸ್ಟೀರಿಂಗ್ ತಿರುಗಿಸುವ ವೈಭವದ ಹಿಂದಿರುವುದು ಈ ಲೆಕ್ಕ.

ಆ ಒತ್ತಡ ಹುಟ್ಟಿಸುವುದು ವೇನ್ ಪಂಪು. ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಪುಟ್ಟ ಚಕ್ರ, ಅದರ ಸೀಳುಗಳಲ್ಲಿ ಒಳಗೂ ಹೊರಗೂ ಜಾರುವ ತೆಳು ಪಟ್ಟಿಗಳು, ಸುತ್ತ ಮೊಟ್ಟೆಯಾಕಾರದ ಉಂಗುರ, ಇಷ್ಟೇ. ಇಂಥ ಪಂಪುಗಳು ಬೆಂಗಳೂರಿಗೆ ಹೊಸತಲ್ಲ. 1976ರಲ್ಲಿ ಜಪಾನಿನ ಸಹಯೋಗದಲ್ಲಿ ಶುರುವಾದ ಯೂಕೆನ್ ಇಂಡಿಯಾ ವೈಟ್‌ಫೀಲ್ಡ್ ರಸ್ತೆಯಲ್ಲಿ ಕಾರ್ಖಾನೆಯ ಯಂತ್ರಗಳಿಗೆ ವೇನ್ ಪಂಪು ಮಾಡುತ್ತಿದ್ದಾಗ ಅಲ್ಲಿ ಐಟಿಯ ಗಾಜಿನ ಕಟ್ಟಡಗಳ ಸುಳಿವೂ ಇರಲಿಲ್ಲ. ಪೀಣ್ಯದ ಡೈನಮ್ಯಾಟಿಕ್ ಟೆಕ್ನಾಲಜೀಸ್ 1970ರ ದಶಕದಿಂದ ಹೈಡ್ರಾಲಿಕ್ ವ್ಯವಹಾರದಲ್ಲಿದೆ, ಟ್ರ್ಯಾಕ್ಟರುಗಳ ಗೇರ್ ಪಂಪಿಗೆ ಹೆಸರುವಾಸಿ. ಕಾರಿನ ಪಂಪು ಇವರ ಬಳಿ ಸಿಗುತ್ತದೆ ಎಂದಲ್ಲ. ಆದರೆ ಎಣ್ಣೆ, ಸೀಲು, ಮೈಕ್ರಾನ್‌ಗಳ ಭಾಷೆ ಬಲ್ಲ ಕೈಗಳು ಆ ರಸ್ತೆಗಳಲ್ಲಿ ತಲೆಮಾರುಗಳಿಂದ ಇವೆ. ಹಳೆಯ ಸ್ಪೋರ್ಟ್ಸ್ ಕಾರಿನ ಮಾಲೀಕರಿಗೆ ಇದು ಸಣ್ಣ ಅನುಕೂಲವಲ್ಲ.

ಪಂಪು ಯಾಕೆ ಸೋಲುತ್ತದೆ ಎಂಬುದರಲ್ಲಿ ಸೊಗಸಾದ ಭೌತವಿಜ್ಞಾನವಿದೆ. ತಿರುಗುವ ಚಕ್ರಕ್ಕೂ ಪಕ್ಕದ ತಟ್ಟೆಗೂ ನಡುವೆ ಕೆಲವೇ ಮೈಕ್ರಾನಿನ ಸಂದು ಇರುತ್ತದೆ. ಆ ಸಂದಿನಲ್ಲಿ ಎಣ್ಣೆ ಸೋರುವ ಪ್ರಮಾಣ ಸಂದಿನ ಅಗಲದ ಘನಕ್ಕೆ ತಕ್ಕಂತೆ ಏರುತ್ತದೆ. ಸವೆದು ಸಂದು ಎರಡರಷ್ಟಾದರೆ ಸೋರಿಕೆ ಎರಡರಷ್ಟಲ್ಲ, ಎಂಟರಷ್ಟು. ಅದರ ಮೇಲೆ ಎಣ್ಣೆ ಬಿಸಿಯಾಗಿ ತೆಳುವಾದರೆ ಸೋರಿಕೆ ಮತ್ತಷ್ಟು ಹೆಚ್ಚು. ಸವೆದ ಪಂಪು ಬೆಳಿಗ್ಗೆ ತಣ್ಣಗಿದ್ದಾಗ ಸಜ್ಜನನಂತೆ ನಡೆದುಕೊಂಡು, ಟಿನ್ ಫ್ಯಾಕ್ಟರಿ ಜಂಕ್ಷನ್ನಿನ ಜಾಮ್‌ನಲ್ಲಿ ಕೈಕೊಡುವುದಕ್ಕೆ ಇದೇ ಕಾರಣ. ಜಾಮ್‌ನಲ್ಲಿ ಎಂಜಿನ್ ಐಡ್ಲಿಂಗ್‌ನಲ್ಲಿರುವುದರಿಂದ ಪಂಪು ನಿಧಾನ, ಮುಂದಿನಿಂದ ಬೀಸುವ ಗಾಳಿ ಇಲ್ಲ, ತಿರುಗಿಸುವ ಕೆಲಸ ಮಾತ್ರ ಹೆಚ್ಚು. ಆಕ್ಸಿಲರೇಟರ್ ತುಸು ಒತ್ತಿದಾಗ ಸ್ಟೀರಿಂಗ್ ಹಗುರಾದರೆ ಪಂಪಿನ ಮೇಲೆ, ಇಲ್ಲವೇ ಜಾರುವ ಬೆಲ್ಟಿನ ಮೇಲೆ ಗುಮಾನಿ ಇಡಬಹುದು.

ಇದರ ತದ್ವಿರುದ್ಧವೂ ಉಂಟು: ತಣ್ಣಗಿದ್ದಾಗ ಬಿಗಿ, ಬಿಸಿಯಾದ ಮೇಲೆ ಸರಿ, ಅದೂ ಒಂದೇ ದಿಕ್ಕಿಗೆ. ಆಗ ಪಂಪು ನಿರಪರಾಧಿ. ಪಂಪಿಗೆ ಎಡಬಲ ಗೊತ್ತಿಲ್ಲ, ಎಡಬಲ ಗೊತ್ತಿರುವುದು ರ‍್ಯಾಕಿಗೆ. 1980ರ ದಶಕದ ಜನರಲ್ ಮೋಟಾರ್ಸ್ ಕಾರುಗಳಲ್ಲಿ ಈ ಕಾಯಿಲೆ ಬಹಳ ಕಾಡಿತ್ತು. ವಾಲ್ವಿನ ಟೆಫ್ಲಾನ್ ಉಂಗುರಗಳು ಅಲ್ಯೂಮಿನಿಯಂ ಕವಚವನ್ನು ಸವೆಸಿ ಗೀರು ಮಾಡುತ್ತಿದ್ದವು. ಸೀಲು ತಣ್ಣಗೆ ಗಟ್ಟಿಯಾಗಿದ್ದಾಗ ಆ ಗೀರುಗಳ ಮೂಲಕ ಎಣ್ಣೆ ತಪ್ಪಿಸಿಕೊಳ್ಳುತ್ತಿತ್ತು. ಬಿಸಿಯೇರಿ ಸೀಲು ಮೆತ್ತಗಾದ ಮೇಲೆ ಕಂಡಿ ಮುಚ್ಚುತ್ತಿತ್ತು.

ಗುಮಾನಿಯನ್ನು ಸಾಬೀತು ಮಾಡಲು ಒಂದು ಪ್ರೆಶರ್ ಗೇಜು ಸಾಕು. ಪಂಪಿಗೂ ರ‍್ಯಾಕಿಗೂ ನಡುವೆ ಗೇಜನ್ನೂ ಒಂದು ವಾಲ್ವನ್ನೂ ಸೇರಿಸಿ, ಎಂಜಿನ್ ಓಡುತ್ತಿರುವಾಗ ವಾಲ್ವನ್ನು ಕೆಲವೇ ಸೆಕೆಂಡು ಮುಚ್ಚುತ್ತಾರೆ. ಮುಳ್ಳು ಕಂಪನಿ ಹೇಳಿದ ಅಂಕೆಯನ್ನು ಮುಟ್ಟಿದರೆ ಪಂಪು ಪಾಸು. ನಂತರ ವಾಲ್ವು ತೆರೆದು ಸ್ಟೀರಿಂಗನ್ನು ಕೊನೆಯವರೆಗೆ ತಿರುಗಿಸಿ ಹಿಡಿಯುತ್ತಾರೆ. ಈಗ ಒತ್ತಡ ಆ ಅಂಕೆಗೆ ಏರದಿದ್ದರೆ ಎಣ್ಣೆ ರ‍್ಯಾಕಿನೊಳಗೇ ಕಳ್ಳದಾರಿ ಹಿಡಿದಿದೆ ಎಂದರ್ಥ. ವಾಲ್ವನ್ನು ಮುಚ್ಚಿಯೇ ಹರಟುತ್ತಾ ನಿಂತರೆ ಪಂಪು ಅಲ್ಲೇ ಸುಟ್ಟು ಹೋಗುತ್ತದೆ. ಅದಕ್ಕೇ ಕೈ ವಾಲ್ವಿನ ಮೇಲೆ, ಕಣ್ಣು ಮುಳ್ಳಿನ ಮೇಲೆ. ಈ ಪರೀಕ್ಷೆಯನ್ನು ಮಾಡದೆ ಪಂಪು ಬದಲಿಸುವುದು ಜೂಜು. ಬೆಂಗಳೂರಿನ ಎಷ್ಟೋ ಗ್ಯಾರೇಜುಗಳು ಗಿರಾಕಿಯ ದುಡ್ಡಿನಲ್ಲಿ ಆಡುವ ಜೂಜು.

ಗೇಜು ಹಾಕುವುದಕ್ಕೂ ಮೊದಲು ಸ್ಟೀರಿಂಗ್ ಎಣ್ಣೆಯ ಡಬ್ಬಿಯ ಮುಚ್ಚಳ ತೆರೆದು ನೋಡಬೇಕು. ಕಪ್ಪಗಿದ್ದು ಸುಟ್ಟ ವಾಸನೆ ಬಂದರೆ ಎಣ್ಣೆ ಬೆಂದಿದೆ. ಬೆಳ್ಳಿಪುಡಿ ಮಿನುಗಿದರೆ ಪಂಪಿನ ಲೋಹ ತೇಯುತ್ತಿದೆ. ನೊರೆ ನೊರೆಯಾಗಿದ್ದರೆ ಗಾಳಿ ಸೇರಿದೆ. ಎಣ್ಣೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಆದ್ದರಿಂದ ಗಾಳಿ ಬೆರೆತ ಎಣ್ಣೆಯಿಂದ ಸ್ಟೀರಿಂಗ್ ಜಗ್ಗಿ ಜಗ್ಗಿ ತಿರುಗುತ್ತದೆ, ಪಂಪು ಗುಂಯ್‌ಗುಡುತ್ತದೆ. ಡಬ್ಬಿಯಿಂದ ಪಂಪಿಗೆ ಎಣ್ಣೆ ಹೀರಿಕೊಳ್ಳುವ ಪೈಪು ಹಳತಾಗಿ ಬಿರುಕು ಬಿಟ್ಟಿದ್ದರೆ, ಹೊರಗೆ ಒಂದು ಹನಿ ಸೋರದೆಯೂ ಒಳಗೆ ಗಾಳಿ ಎಳೆದುಕೊಳ್ಳಬಹುದು. ನೆಲದ ಮೇಲೆ ಕಲೆ ಇಲ್ಲ, ಆದ್ದರಿಂದ ಲೀಕ್ ಇಲ್ಲ ಎಂದು ವಾದಿಸುವವರು ಇಲ್ಲಿ ಸೋಲುತ್ತಾರೆ. ಕೆಲವು ನೂರು ರೂಪಾಯಿಯ ಪೈಪು, ಎರಡು ಕ್ಲಿಪ್ಪು ಹಾಕಿದರೆ ಮುಗಿಯುವ ಕೆಲಸಕ್ಕೆ ಪಂಪು ಬದಲಾಗಿರುವುದುಂಟು.

ಬಾಕ್ಸ್‌ಸ್ಟರ್‌ನಂಥ ಕಾರಿನಲ್ಲಿ ಈ ತಪಾಸಣೆಯೇ ಒಂದು ಸಾಹಸ. ಎಂಜಿನ್ ಸೀಟಿನ ಹಿಂದೆ ಇರುವುದರಿಂದ ಪಂಪೂ ಡಬ್ಬಿಯೂ ಹಿಂದೆ, ರ‍್ಯಾಕು ಮುಂದೆ, ನಡುವೆ ಕಾರಿನ ಹೊಟ್ಟೆಯಡಿ ಉದ್ದಕ್ಕೆ ಹಾಯುವ ಕೊಳವೆಗಳು. ಎಂಜಿನ್ನನ್ನು ಮೇಲಿನಿಂದ ನೋಡಬೇಕೆಂದರೆ ಮಡಿಸುವ ಛಾವಣಿಯನ್ನು ಅರ್ಧಕ್ಕೆ ನಿಲ್ಲಿಸಿ, ಅದರಡಿಯ ಮುಚ್ಚಳ ಬಿಚ್ಚಬೇಕು. ಬಡಾವಣೆಯ ಹಂಪುಗಳಿಗೆ ಹೊಟ್ಟೆ ಉಜ್ಜಿಸಿಕೊಂಡು ಬಂದ ಕಾರಾದರೆ ಆ ಕೊಳವೆಗಳನ್ನು ಲಿಫ್ಟಿನ ಮೇಲೆ ಎತ್ತಿ ನೋಡಲೇಬೇಕು. ಇವುಗಳಿಗೆ ಹಾಕುವುದು ಪೆಂಟೋಸಿನ್ ಸಿಎಚ್‌ಎಫ್ ಮಾದರಿಯ ಹಸಿರು ಎಣ್ಣೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಕೆಂಪು ಎಟಿಎಫ್ ಎಣ್ಣೆಯನ್ನು ‘ಎಲ್ಲಾ ಒಂದೇ ಸಾರ್’ ಎಂದು ಸುರಿದರೆ ಸೀಲುಗಳಿಗೆ ಒಗ್ಗದೆ ಹೋಗಬಹುದು. ಡಬ್ಬಿಯ ಮುಚ್ಚಳದ ಮೇಲೆ ಯಾವ ಎಣ್ಣೆ ಎಂದು ಅಚ್ಚು ಹಾಕಿರುತ್ತಾರೆ, ಅದನ್ನು ಓದುವವರು ಕಡಿಮೆ.

ಹೊಸ ಎಣ್ಣೆ ಹಾಕಿದ ಮೇಲೆ ಗಾಳಿ ಹೊರಹಾಕುವುದಕ್ಕೆ ಸಹನೆ ಬೇಕು. ಮುಂದಿನ ಚಕ್ರಗಳನ್ನು ನೆಲದಿಂದ ಎತ್ತಿ, ಎಂಜಿನ್ ಆಫ್ ಮಾಡಿಯೇ ಸ್ಟೀರಿಂಗನ್ನು ಈ ಕೊನೆಯಿಂದ ಆ ಕೊನೆಗೆ ನಿಧಾನವಾಗಿ ಹತ್ತಾರು ಸಲ ತಿರುಗಿಸುತ್ತಾ, ಡಬ್ಬಿಯಲ್ಲಿ ಗುಳ್ಳೆ ನಿಲ್ಲುವವರೆಗೆ ಎಣ್ಣೆ ತುಂಬುತ್ತಾ ಹೋಗಬೇಕು. ಮೊದಲೇ ಎಂಜಿನ್ ಶುರು ಮಾಡಿದರೆ ಪಂಪು ಗಾಳಿಯನ್ನು ಎಣ್ಣೆಯೊಳಗೆ ಕಡೆದು ನೊರೆ ಮಾಡುತ್ತದೆ. ಆಮೇಲೆ ಆ ನೊರೆ ಇಳಿಯಲು ಗಂಟೆಗಟ್ಟಲೆ ಕಾಯಬೇಕು.

ರ‍್ಯಾಕೇ ಸೋರುತ್ತಿದ್ದರೆ? ಸೀಲ್ ಕಿಟ್ ಸಿಗುವ ಮಾದರಿಯಾದರೆ ಬಿಚ್ಚಿ ಹೊಸ ಸೀಲು ಹಾಕುವವರು ಬೆಂಗಳೂರಿನಲ್ಲಿ ಇದ್ದಾರೆ. ರ‍್ಯಾಕಿನ ದಂಡದ ಮೇಲೆ ತುಕ್ಕಿನ ಚುಕ್ಕಿ ಬಿದ್ದಿದ್ದರೆ ಹೊಸ ಸೀಲೂ ಬೇಗ ಹರಿಯುತ್ತದೆ. ಆಗ ದಂಡಕ್ಕೆ ಗಟ್ಟಿ ಕ್ರೋಮ್ ಲೇಪಿಸಿ, ಗ್ರೈಂಡ್ ಮಾಡಿ ಹಳೆಯ ಅಳತೆಗೆ ತರಬೇಕು. ಪೀಣ್ಯದಲ್ಲಿ ಈ ಕೆಲಸ ಗೊತ್ತಿರುವ ಘಟಕಗಳು ಸಾಕಷ್ಟಿವೆ. (ಅಲ್ಲಿನ ಅಂತರ್ಜಲದಲ್ಲಿ ಕ್ರೋಮಿಯಂ ಕಂಡುಬಂದಾಗ ಬೊಟ್ಟು ಹೋದದ್ದೂ ಲೇಪನ ಘಟಕಗಳ ತ್ಯಾಜ್ಯದ ಕಡೆಗೇ. ಹಳೆ ಕಾರು ಉಳಿಸುವುದೆಲ್ಲ ಹಸಿರು ಕೆಲಸ ಎನ್ನುವವರು ಇದನ್ನೂ ಲೆಕ್ಕಕ್ಕೆ ಹಿಡಿಯುವುದು ಒಳ್ಳೆಯದು.)

ಒಂದು ಗೆರೆಯನ್ನು ಮಾತ್ರ ದಾಟಬಾರದು. ಸೀಲು, ಪೈಪು, ಪಂಪು ಸ್ಥಳೀಯವಾಗಿ ರಿಪೇರಿ ಆಗಲಿ. ಚಕ್ರವನ್ನು ಹಿಡಿದಿಡುವ ಟೈ ರಾಡ್, ಬಾಲ್ ಜಾಯಿಂಟ್, ಶಾಫ್ಟಿನ ಕೀಲುಗಳಿಗೆ ವೆಲ್ಡಿಂಗ್, ಲೇತ್ ಕೆಲಸ ಬೇಡವೇ ಬೇಡ. ಪಂಪು ನಿಂತರೆ ಸ್ಟೀರಿಂಗ್ ಭಾರವಾಗುತ್ತದೆ, ಆದರೂ ಕಾರು ಕೈಯಲ್ಲಿರುತ್ತದೆ. ಟೈ ರಾಡ್ ತುಂಡಾದರೆ ಚಕ್ರ ತನ್ನ ದಾರಿ ಹಿಡಿಯುತ್ತದೆ.

2010ರ ಆಸುಪಾಸಿನ ನಂತರದ, ಕೆಲವೊಮ್ಮೆ ಅದಕ್ಕೂ ಹಿಂದಿನ ಸ್ಪೋರ್ಟ್ಸ್ ಕಾರಾದರೆ ಮೇಲಿನ ಎಣ್ಣೆಪುರಾಣದಲ್ಲಿ ಬಹುಪಾಲು ಅನ್ವಯಿಸುವುದಿಲ್ಲ. ಎಣ್ಣೆಯ ಜಾಗಕ್ಕೆ ವಿದ್ಯುತ್ ಮೋಟಾರು ಬಂದಿರುತ್ತದೆ. ಇದರ ಆರಂಭ ಸ್ಪೋರ್ಟ್ಸ್ ಕಾರಿನಿಂದಲ್ಲ, 1988ರ ಸುಜುಕಿ ಸರ್ವೋ ಎಂಬ ಪುಟಾಣಿ ಕಾರಿನಿಂದ. 1990ರಲ್ಲಿ ಹೋಂಡಾ ಎನ್‌ಎಸ್‌ಎಕ್ಸ್ ಅದನ್ನು ಸ್ಪೋರ್ಟ್ಸ್ ಕಾರಿಗೆ ತಂದಿತು. ಪೋರ್ಶೆ 911 ಎಣ್ಣೆಗೆ ವಿದಾಯ ಹೇಳಿದ್ದು 2011ರಲ್ಲಿ ಬಂದ ತಲೆಮಾರಿನಲ್ಲಿ. ರಸ್ತೆಯ ಒರಟು ಕೈಗೆ ತಿಳಿಯುವುದಿಲ್ಲ ಎಂದು ಅಭಿಮಾನಿಗಳು ಗೊಣಗಿದರು. ಪಂಪು ಸದಾ ಎಂಜಿನ್ನಿನ ಶಕ್ತಿ ತಿನ್ನುತ್ತದೆ, ಮೋಟಾರು ತಿರುಗಿಸುವಾಗ ಮಾತ್ರ ತಿನ್ನುತ್ತದೆ. ಇಂಧನದ ಲೆಕ್ಕದ ಮುಂದೆ ಗೊಣಗಾಟ ಗೆಲ್ಲಲಿಲ್ಲ.

ಇಲ್ಲೂ ಟಾರ್ಷನ್ ಬಾರ್ ಇದೆ, ಆದರೆ ಅದರ ತಿರುಚನ್ನು ಅಳೆಯುವುದು ವಾಲ್ವಲ್ಲ, ಸೆನ್ಸರು. ಕಂಪ್ಯೂಟರು ಅದನ್ನು ಓದಿ, ಕಾರಿನ ವೇಗ ನೋಡಿ, ಮೋಟಾರಿಗೆ ಎಷ್ಟು ಕರೆಂಟು ಎಂದು ನಿರ್ಧರಿಸುತ್ತದೆ. ಪಾರ್ಕಿಂಗ್ ಮಾಡುವಾಗ ಅದು 80 ಆಂಪಿಯರ್ ದಾಟಬಹುದು. 12 ವೋಲ್ಟಿನಲ್ಲಿ ಎಂದರೆ ಸುಮಾರು 960 ವ್ಯಾಟ್, ಒಂದು ಅಶ್ವಶಕ್ತಿಗೂ ಹೆಚ್ಚು. ಹೀಗಾಗಿ ವಿದ್ಯುತ್ ಸ್ಟೀರಿಂಗ್ ಬಿಗಿಯಾದರೆ ಮೊದಲು ನೋಡಬೇಕಾದ್ದು ಬ್ಯಾಟರಿ, ಆಲ್ಟರ್ನೇಟರ್, ಅರ್ತ್ ವೈರು. ವಾರಕ್ಕೊಮ್ಮೆ ಮಾತ್ರ ಹೊರಗೆ ತೆಗೆಯುವ ಸ್ಪೋರ್ಟ್ಸ್ ಕಾರಿನ ಬ್ಯಾಟರಿ ಸೊರಗಿರುವುದೇ ಹೆಚ್ಚು. ವೋಲ್ಟೇಜು ಕುಸಿದರೆ ಕಂಪ್ಯೂಟರು ತಾನಾಗಿಯೇ ನೆರವು ತಗ್ಗಿಸುತ್ತದೆ. ಮೋಟಾರು ಕಾದರೂ ಹಾಗೆಯೇ. ಇಕ್ಕಟ್ಟಿನ ಬೇಸ್‌ಮೆಂಟಿನಲ್ಲಿ ಹಿಂದೆ ಮುಂದೆ ಹೊಡೆದು ಹೊಡೆದು ಬಿಗಿಯಾದ ಸ್ಟೀರಿಂಗ್ ಹತ್ತು ನಿಮಿಷ ಬಿಟ್ಟು ಸರಿಹೋದರೆ ಅದು ರೋಗವಲ್ಲ, ಆತ್ಮರಕ್ಷಣೆ.

ನಿಜವಾದ ರೋಗಕ್ಕೆ ಉದಾಹರಣೆ ಬೇಕಾದರೆ 2002ರಿಂದ 2008ರವರೆಗೆ ಬಂದ ಮೊದಲ ತಲೆಮಾರಿನ ಝಡ್4. ಅದರ ಮೋಟಾರು ಸ್ಟೀರಿಂಗ್ ಕಾಲಮ್ಮಿನಲ್ಲೇ ಇದೆ. ಬಿಸಿಲಿನ ದಿನ ಹೆದ್ದಾರಿಯಲ್ಲಿ ನೇರಕ್ಕೆ ಬಹಳ ಹೊತ್ತು ಓಡಿದ ಮೇಲೆ ಸ್ಟೀರಿಂಗ್ ನಡುಭಾಗದಲ್ಲಿ ಅಂಟಿಕೊಂಡಂತಾಗುತ್ತದೆ. ತುಸು ನೂಕಿದರೆ ತಟಕ್ಕನೆ ಬಿಡುತ್ತದೆ, ಕಾರು ಬೇಕಾದ್ದಕ್ಕಿಂತ ಚೂರು ಹೆಚ್ಚೇ ವಾಲುತ್ತದೆ. ಚಕ್ರ ಹೆಚ್ಚು ಹೊತ್ತು ನಿಲ್ಲುವುದು ನಡುಭಾಗದಲ್ಲೇ, ಕಾಟವೂ ಅಲ್ಲೇ. ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಗ್ಯಾರೇಜಿನ ಮುಂದಿನ ಐದು ನಿಮಿಷದ ಟೆಸ್ಟ್ ಡ್ರೈವಿನಲ್ಲಿ ಇದು ಸಿಕ್ಕಿಬೀಳುವುದೇ ಇಲ್ಲ. ಕಾಲಮ್ ಬದಲಿಸುವುದು ಇದಕ್ಕೆ ಖಾಯಂ ಮದ್ದು. ಇದೇ ಕಾರಿನ ‘ಎಂ’ ಮಾದರಿಗೆ ಹೈಡ್ರಾಲಿಕ್ ಸ್ಟೀರಿಂಗ್ ಇದ್ದುದರಿಂದ ಅದಕ್ಕೆ ಈ ಕಾಟವಿಲ್ಲ.

ಬೆಂಗಳೂರಿನಲ್ಲಿ ಎದುರಾಗುವ ಇನ್ನೊಂದು ಅಪಾಯ ನೀರು. 2022ರ ಸೆಪ್ಟೆಂಬರ್ ಮೊದಲ ವಾರದ ಮಳೆಗೆ ಯಮಲೂರು, ಬೆಳ್ಳಂದೂರು, ಸರ್ಜಾಪುರ ರಸ್ತೆಯ ಬಡಾವಣೆಗಳು ಮುಳುಗಿ, ಐಟಿ ಉದ್ಯೋಗಿಗಳು ಟ್ರ್ಯಾಕ್ಟರ್ ಹತ್ತಿ ಕಚೇರಿಗೆ ಹೋದದ್ದು ಎಲ್ಲರಿಗೂ ನೆನಪಿದೆ. ಕೋಟಿ ಬೆಲೆಯ ಕಾರುಗಳು ಬಾನೆಟ್ಟಿನವರೆಗೆ ನೀರಿನಲ್ಲಿ ನಿಂತಿದ್ದವು. ಇಂಥ ಕಾರುಗಳು ತೊಳೆದು ಪಾಲಿಶ್ ಮಾಡಿಸಿಕೊಂಡು ಬಳಸಿದ ಕಾರುಗಳ ಮಾರುಕಟ್ಟೆಗೆ ಬರದೆ ಇರುವುದಿಲ್ಲ. ರ‍್ಯಾಕಿನ ಮೇಲೇ ಮೋಟಾರು, ಕಂಪ್ಯೂಟರು ಕೂತಿರುವ ಕಾರಿನಲ್ಲಿ ಅವು ಚಕ್ರದ ನಡುಮಟ್ಟದ ಆಸುಪಾಸಿನಲ್ಲಿರುತ್ತವೆ, ಎಂದರೆ ಮೊದಲು ಮುಳುಗುವುದು ಅವೇ. ಒಳಸೇರಿದ ತೇವ ಕನೆಕ್ಟರಿನ ಪಿನ್ನುಗಳನ್ನು ಹಸಿರುಗಟ್ಟಿಸಲು ತಿಂಗಳುಗಳು ಹಿಡಿಯಬಹುದು. ರ‍್ಯಾಕಿನ ತುದಿಯ ರಬ್ಬರ್ ಬೂಟು ಹರಿದಿದ್ದರಂತೂ ಪ್ರವಾಹವೇ ಬೇಕಿಲ್ಲ, ಒಂದು ಮಳೆಗಾಲ ಸಾಕು. ಸೀಟಿನಡಿಯ ಹಳಿಗಳಲ್ಲಿ ತುಕ್ಕು, ಸೀಟ್ ಬೆಲ್ಟನ್ನು ಪೂರ್ತಿ ಎಳೆದಾಗ ತುದಿಯಲ್ಲಿ ಕೆಸರಿನ ಗೆರೆ, ಕಾರ್ಪೆಟ್ಟಿನಡಿ ಮುಗ್ಗಲು ವಾಸನೆ ಕಂಡರೆ ಸ್ಟೀರಿಂಗ್ ಪರೀಕ್ಷೆಯ ಮಾತೇ ಬೇಡ, ಆ ಕಾರು ಬಿಟ್ಟುಬಿಡುವುದು ಲೇಸು.

ವಿದ್ಯುತ್ ಸ್ಟೀರಿಂಗಿನ ರೋಗಪತ್ತೆಗೆ ಸ್ಕ್ಯಾನರ್ ಬೇಕು. ‘ಸಿ’ಯಿಂದ ಶುರುವಾಗುವ ಕೋಡುಗಳು ಚಾಸಿಗೆ ಸಂಬಂಧಿಸಿದವು, ‘ಯು’ ಕೋಡುಗಳು ಕಾರಿನೊಳಗಿನ ಕಂಪ್ಯೂಟರುಗಳ ಮಾತುಕತೆ ತಪ್ಪಿದೆ ಎನ್ನುತ್ತವೆ. ಕೋಡು ದೂರನ್ನು ಹೇಳುತ್ತದೆ, ಅಪರಾಧಿಯನ್ನಲ್ಲ. ‘ಟಾರ್ಕ್ ಸೆನ್ಸರ್’ ಎಂದು ಬಂದ ಮಾತ್ರಕ್ಕೆ ಸೆನ್ಸರ್ ಕೆಟ್ಟಿದೆ ಎಂದಲ್ಲ, ಅದರ ವೈರು ತುಂಡಾಗಿರಬಹುದು, ವೋಲ್ಟೇಜು ಕುಸಿದಿರಬಹುದು. ಚಕ್ರದ ಅಲೈನ್‌ಮೆಂಟ್ ಮಾಡಿಸಿದ ಮೇಲೆ ಎಷ್ಟೋ ಮಾದರಿಗಳಲ್ಲಿ ‘ನೇರ ಎಂದರೆ ಇದು’ ಎಂದು ಸ್ಟೀರಿಂಗ್ ಕೋನದ ಸೆನ್ಸರಿಗೆ ಮತ್ತೆ ಕಲಿಸಬೇಕು. ಕಲಿಸದಿದ್ದರೆ ಡ್ಯಾಶ್‌ಬೋರ್ಡಿನ ದೀಪ ಹತ್ತುತ್ತದೆ, ಗ್ಯಾರೇಜಿನವರು ರ‍್ಯಾಕಿನ ಕಡೆ ನೋಡುತ್ತಾರೆ. ಬಿಡಿಭಾಗ ಮಾರುವ ಜೆ.ಸಿ. ರಸ್ತೆಯಲ್ಲೋ ಬೇರೆಲ್ಲೋ ಹಳೆ ರ‍್ಯಾಕು ಸಿಕ್ಕಿತೆಂದು ತಂದು ಕೂರಿಸಿದರೂ, ಎಷ್ಟೋ ಕಾರುಗಳಲ್ಲಿ ಅದನ್ನು ಆ ಕಾರಿಗೆಂದೇ ಕೋಡಿಂಗ್ ಮಾಡಿಸದೆ ಅದು ಕೆಲಸ ಶುರುಮಾಡುವುದಿಲ್ಲ.

ತಮಾಷೆ ಎಂದರೆ ಇಂಥ ಕಾರುಗಳ ತಂತ್ರಾಂಶದ ಕೆಲಸ ನಡೆಯುವುದೂ ಇದೇ ಊರಿನಲ್ಲಿ. ಮರ್ಸಿಡಿಸ್-ಬೆಂಝ್‌ನ ಭಾರತದ ಸಂಶೋಧನಾ ಕೇಂದ್ರ 1996ರಿಂದ ಬೆಂಗಳೂರಿನಲ್ಲಿದೆ, ಅದರ ದೊಡ್ಡ ಕ್ಯಾಂಪಸ್ ವೈಟ್‌ಫೀಲ್ಡ್ ಕಡೆಗಿದೆ. ಒಂದು ಕಾಲಕ್ಕೆ ಜನರಲ್ ಮೋಟಾರ್ಸ್‌ನ ಸ್ಟೀರಿಂಗ್ ವಿಭಾಗವಾಗಿದ್ದ ನೆಕ್ಸ್‌ಟೀರ್‌ಗೆ ಇಲ್ಲಿ ಕಾರ್ಖಾನೆಯೂ ಸಾಫ್ಟ್‌ವೇರ್ ಕೇಂದ್ರವೂ ಇವೆ. 2011ರಲ್ಲಿ ಬಂದ ಐಎಸ್‌ಒ 26262 ಎಂಬ ಸುರಕ್ಷತಾ ಮಾನದಂಡದಲ್ಲಿ, ಚಾಲಕ ಕೇಳದೆಯೇ ಸ್ಟೀರಿಂಗ್ ತಾನಾಗಿ ತಿರುಗುವ ದೋಷಕ್ಕೆ ಅತ್ಯಂತ ಕಟ್ಟುನಿಟ್ಟಿನ ‘ಡಿ’ ದರ್ಜೆ ಕೊಡುವುದು ರೂಢಿ. ಅಂಥ ವ್ಯವಸ್ಥೆಯ ಕಂಪ್ಯೂಟರನ್ನು ಬಿಚ್ಚಿ, ಸೋಲ್ಡರ್ ಹಾಕಿ, ‘ಈಗ ಓಡಿಸಿ ನೋಡಿ ಸಾರ್’ ಎನ್ನುವವರಿಗೆ ಕಾರು ಕೊಡಬಾರದು. ಸೀಲು ಬದಲಿಸಿದ ಪಂಪು ಕೆಟ್ಟರೆ ಕೈ ನೋಯುತ್ತದೆ. ತಪ್ಪು ಸೋಲ್ಡರಿನ ಫಲ ಅಲ್ಲಿಗೆ ನಿಲ್ಲಬೇಕೆಂದಿಲ್ಲ.

ಕೊಳ್ಳುವ ಮೊದಲೇ ಇದನ್ನೆಲ್ಲ ಪತ್ತೆ ಹಚ್ಚಬೇಕೆಂದಿದ್ದರೆ ಕಾರು ನೋಡಲು ಬೆಳಿಗ್ಗೆ ಹೋಗಿ, ಎಂಜಿನ್ ತಣ್ಣಗಿರುವಾಗ. ಸ್ಟಾರ್ಟ್ ಮಾಡಿ ನಿಂತಲ್ಲೇ ಎರಡೂ ಕಡೆಗೆ ತಿರುಗಿಸಿ, ಬಿಗಿತವನ್ನೂ ಸದ್ದನ್ನೂ ಗಮನಿಸಿ. ಕೊನೆಯ ತಿರುವಿನಲ್ಲಿ ಐದು ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ. ಆಮೇಲೆ ಹೆದ್ದಾರಿಯಲ್ಲಿ ಅರ್ಧ ಗಂಟೆ, ಜಾಮ್‌ನಲ್ಲಿ ಅರ್ಧ ಗಂಟೆ ಓಡಿಸಿ, ಅದೇ ಪರೀಕ್ಷೆಯನ್ನು ಬಿಸಿ ಎಂಜಿನ್ನಿನಲ್ಲಿ ಮತ್ತೆ ಮಾಡಿ. ಮಾರುವವರು ನೀವು ಬರುವ ಮೊದಲೇ ಎಂಜಿನ್ ಬಿಸಿ ಮಾಡಿ ಇಟ್ಟಿದ್ದರೆ ಇನ್ನೊಂದು ದಿನ ಬರುತ್ತೇವೆಂದು ಹೇಳಿ ಹೊರಡಿ.